ತಗಡಿನ ಗುಡುಗು

ಸುರಬಾಯಾ. ಜೂನ್ 17, ಮಂಗಳವಾರ.

ಗುಡುಗು! ಈ ಲುದ್ರುಕ್ ನಾಟಕ ಕಂಪನಿಯ ಗುಡುಗು ಒಂದು ಕಾಲಕ್ಕೆ ನಾನೇ. ಪರದೆಯ ಹಿಂದೆ ನಿಂತು ತಗಡು ಅಲ್ಲಾಡಿಸಿದರೆ ಮುಂದಿನ ಸಾಲಿನ ಮಕ್ಕಳು ಅಳುತ್ತಿದ್ದವು. ಆಮೇಲೆ ಅದರ ಸದ್ದನ್ನು ಕಂಪ್ಯೂಟರಿಗೆ ತುಂಬಿಸಿಕೊಂಡರು. ತಗಡು ಅಡುಗೆಮನೆಯ ಸೋರುವ ಸೂರಿಗೆ ಹೋಯಿತು, ನಾನು ಕಾಫಿ ಕಾಯಿಸಲು ಹೋದೆ.

ಬಂದರಿನ ದೃಶ್ಯ ತೋರಿಸುವ ಹೊಸ ತಂತ್ರಾಂಶ ಬೇಕಂತೆ. ಅದಕ್ಕಾಗಿ ಯಜಮಾನರ ಮಗಳು ಲಿಲಿಕ್ ಇವತ್ತು ಆ ಮುದಿ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದಳು. ‘ಈ ಯಂತ್ರ ಇದಕ್ಕೆ ಅರ್ಹವಲ್ಲ’ ಎಂದು ಅದೇ ಬಾಯಿಬಿಟ್ಟು ಹೇಳಿತು. ಅವಳು ಆ ತಪಾಸಣೆಯನ್ನೇ ತಪ್ಪಿಸಿ ನುಗ್ಗಿಸಿದಳು. ಪರದೆಯ ಮೇಲೆ ಬಂದರು ಬಂತು, ಧ್ವನಿ ಸತ್ತಿತು. ಹಳೆಯ ಸೌಂಡ್ ಕಾರ್ಡಿನ ಗುರುತೇ ಹೊಸದಕ್ಕೆ ಹತ್ತಲಿಲ್ಲ.

"ಚಾಕ್ ಕಾಯತ್, ಆ ತಗಡು ಇಳಿಸಿ. ಇವತ್ತು ಕಂಪನಿ ಮಾನ ನಿಮ್ ಕೈಲಿದೆ," ಎಂದರು ಯಜಮಾನರು.

"ಬಿದ್ದು ಸೊಂಟ ಮುರ್ಕೊಂಡೀರ, ಪಾಕ್‌ದೆ!" ಎಂದು ಲಿಲಿಕ್ ನಕ್ಕಳು. ಅಪ್ಪನಿಗೆ ನಾನು ಚಾಕ್, ಅಂದರೆ ಅಣ್ಣ; ಮಗಳಿಗೆ ಪಾಕ್‌ದೆ, ದೊಡ್ಡಪ್ಪ.

ಇಳಿಸಿದೆ. ತುಕ್ಕು ಉಜ್ಜಿದೆ. ಹೊಸ ಅಂಗಿಯನ್ನೂ ತೊಟ್ಟೆ. ಗುಡುಗನ್ನು ಯಾರು ನೋಡುತ್ತಾರೆ, ಮೂರ್ಖ! ಕೊನೆಯ ಅಂಕದಲ್ಲಿ ತಾಯಿಯ ವೇಷ ಹಾಕಿದ ನಟ ಮಗನಿಗೆ ಶಾಪ ಕೊಟ್ಟ. ತಗಡು ಎತ್ತಿದೆ.

ಗುಡುಗಿತು. ಸ್ಪೀಕರಿನಿಂದ! ಲಿಲಿಕ್ ಹೇಗೋ ಧ್ವನಿ ಸರಿಮಾಡಿದ್ದಳು. ನನಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಮುಂದಿನ ಸಾಲಿನಲ್ಲಿ ಮಗುವೊಂದು ಅತ್ತಿತು. ಆಹಾ, ಎಂಥ ಗುಡುಗು! ನನ್ನದೇ. ನನ್ನ ತೋಳಿನಲ್ಲಿ ಕಸುವಿದ್ದ ಕಾಲದ್ದು.

"ಪಾಕ್‌ದೆ, ಅಲ್ಲೇನ್ ನಿಂತಿದೀರಾ? ಕಾಫಿ ಆಯ್ತಾ?" ಎಂದಳು ಲಿಲಿಕ್.

ಆಟ ಮುಗಿದ ಮೇಲೆ ತಗಡನ್ನು ಮತ್ತೆ ಸೂರಿಗೆ ಹೊಡೆದು ಬಂದೆ. ಒಂದೊಂದು ಮೊಳೆಗೂ ಅದು ಗುಡುಗುತ್ತಿತ್ತು.