ಕಡೇ ಗಾಡಿಯಿಂದ ಶುರುವಾದ ವಿಯೆನ್ನಾ

ಹುಬ್ಬಳ್ಳಿ, ಫೆಬ್ರವರಿ 30, 2187

ಶಶಿಕಲಾ ಆಯಿ ಅವರಿಗೆ, ನಿಮ್ಮ ಮಗಳ ಮಗಳ ಮಗಳ ಮಗನ ಮಗಳಾದ ತಾರಿಣಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ಚೇಷ್ಟೆಗೆ ಬರೆದಿದ್ದಾರೆ ಎಂದು ಪತ್ರವನ್ನು ಮಡಚಿಡಬೇಡಿ. ನಮ್ಮ ಕಾಲದವರು ಎಲ್ಲ ತಿಂಗಳಿಗೂ ಮೂವತ್ತು ದಿನ ಹಂಚಿ, ಉಳಿದ ಐದು ದಿನಗಳನ್ನು ವರ್ಷದ ಕೊನೆಯಲ್ಲಿ ಯಾವ ತಿಂಗಳಿಗೂ ಸೇರಿಸದೆ ರಜೆಗೆಂದು ಬಿಟ್ಟಿದ್ದಾರೆ. ಫೆಬ್ರವರಿಗೆ ಬಹಳ ಕಾಲದಿಂದ ಆಗುತ್ತಿದ್ದ ಅನ್ಯಾಯ ಹೀಗೆ ಸರಿಹೋಯಿತು. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತಿದ್ದು ನಿಮ್ಮ ಬರಹದಿಂದಲೇ, ಅದರಲ್ಲಿ ಅರ್ಧಕ್ಕರ್ಧ ಬಸ್ ನಿಲ್ದಾಣದ ಕನ್ನಡ. ಈ ಪತ್ರ ನಿಮ್ಮನ್ನು ತಲುಪುವುದು ‘ಹಿಂದಂಚೆ’ಯ ಮೂಲಕ. ಅಂದರೆ ಕಳೆದುಹೋದ ಕಾಲಕ್ಕೆ ಕಾಗದ ಕಳಿಸುವ ಅಂಚೆ. ಒಬ್ಬರಿಗೆ ಆಯುಷ್ಯದಲ್ಲಿ ಒಂದೇ ಪತ್ರ, ಅದೂ ಮನೆಯ ವಿಷಯ ಮಾತ್ರ. ಯುದ್ಧ, ರೋಗ, ಚುನಾವಣೆ ಎಂದು ಒಂದು ಸಾಲು ಬರೆದರೂ ಅಲ್ಲಿ ಕೂತ ಹೆಂಗಸು ಕತ್ತರಿ ಹಾಕುತ್ತಾಳೆ. ಹಾಗಾಗಿ ಮುಂದೆ ಏನೇನಾಗುತ್ತದೆ ಎಂದು ನನ್ನನ್ನು ಕೇಳಬೇಡಿ. ನಾನು ಬರೆಯುತ್ತಿರುವುದು ನಿಮ್ಮ ಡೈರಿಯ ವಿಷಯ.

ಹೌದು, ಅದೇ ಡೈರಿ. ಯಾವುದೋ ಸಿಮೆಂಟ್ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದು. ಬಸ್ ನಿಲ್ದಾಣದ ವಿಚಾರಣಾ ಕಿಟಕಿಯ ಕೆಲಸದಿಂದ ನಿವೃತ್ತಿಯಾದ ಮೇಲೆ ನೀವೂ ನಿಮ್ಮ ನೆಗೆಣ್ಣಿ ಕಸ್ತೂರಿ ಆಯಿಯವರೂ ಇಬ್ಬರೇ ವಿಯೆನ್ನಾ ನೋಡಿ ಬರಬೇಕೆಂದು ಒಂಬತ್ತು ದಿನದ ಪ್ರವಾಸವನ್ನು ಅದರಲ್ಲಿ ಬರೆದಿಟ್ಟಿರಿ. ನೂರಾ ಅರವತ್ತು ವರ್ಷದಿಂದ ಅದು ನಮ್ಮ ಮನೆಯಲ್ಲಿದೆ, ರಟ್ಟು ಹೋಗಿದೆ, ಅಕ್ಷರ ಹೋಗಿಲ್ಲ. ಅದಕ್ಕಾಗಿ ನಿಮಗೆ ಕೃತಜ್ಞತೆ ಹೇಳಬೇಕು. ಏಕೆ ಎಂಬುದು ತಿಳಿಯಬೇಕಾದರೆ ನಮ್ಮ ಕಾಲದ ತಿರುಗಾಟದ ರೀತಿ ಸ್ವಲ್ಪ ಗೊತ್ತಾಗಬೇಕು.

ನಮ್ಮಲ್ಲಿ ವಿಮಾನವಿಲ್ಲ. ದೂರ ಹೋಗುವವರು ‘ನೆಲಬಳ್ಳಿ’ ಹತ್ತುತ್ತಾರೆ. ಅದೊಂದು ರೈಲು. ಮುಂಬಯಿಯಲ್ಲಿ ಹೊರಟು ಮರಳುಗಾಡು, ಗುಡ್ಡ, ಕೊಲ್ಲಿಗಳನ್ನೆಲ್ಲ ಬಳಸಿಕೊಂಡು ಹನ್ನೆರಡನೇ ದಿನ ವಿಯೆನ್ನಾ ತಲುಪುತ್ತದೆ. ಅದರಲ್ಲಿ ಎರಡನೇ ದಿನಕ್ಕೇ ಪಕ್ಕದ ಸೀಟಿನವರ ಮಕ್ಕಳ ಜಾತಕ ನಮಗೆ ಗೊತ್ತಾಗಿರುತ್ತದೆ, ಐದನೇ ದಿನಕ್ಕೆ ಚಟ್ನಿಪುಡಿ ಮುಗಿದಿರುತ್ತದೆ. ಸೀಟು ಕಡಿಮೆ, ಹೋಗುವ ಆಸೆಯವರು ಬಹಳ. ಆದ್ದರಿಂದ ಒಬ್ಬರಿಗೆ ಜೀವಮಾನದಲ್ಲಿ ಒಂದೇ ‘ದೂರಪಾಳಿ’. ಅದಕ್ಕೆ ಪಾಳಿಮನೆ ಎಂಬ ಕಚೇರಿಗೆ ದಿನದಿನದ ವಿವರ ಬರೆದು ಕೊಡಬೇಕು, ಅವರು ಒಪ್ಪಬೇಕು. ಒಪ್ಪದಿದ್ದರೆ ಮತ್ತೆ ಬರೆಯಬಹುದು. ಮೂರು ಸಲವೂ ಒಪ್ಪದಿದ್ದರೆ ನಾಲ್ಕು ವರ್ಷ ಕಾಯಬೇಕು. ಉಳಿದಂತೆ ನಮ್ಮ ಬದುಕು ನೀವು ಹೆದರುವಷ್ಟು ಬೇರೆಯಾಗಿಲ್ಲ. ಬೀದಿಗಳ ಮೇಲೆಲ್ಲ ಬಟ್ಟೆಯ ಚಪ್ಪರ ಹಾಕಿದ್ದಾರೆ, ಮಧ್ಯಾಹ್ನ ಯಾರೂ ಹೊರಗೆ ಬರುವುದಿಲ್ಲ, ರೊಟ್ಟಿ ಇನ್ನೂ ಜೋಳದ್ದೇ. ಹೊಳೆಯುವ ದೀಪದ ಬೋರ್ಡುಗಳನ್ನು ನಿಲ್ಲಿಸಿ ಐವತ್ತು ವರ್ಷವಾಯಿತು. ಅಂಗಡಿಯ ಹೆಸರನ್ನು ಕುಂಚ ಹಿಡಿದೇ ಬರೆಯಬೇಕು. ನನ್ನ ಗಂಡ ವಿಭಾಕರ ಆ ಕೆಲಸದವನು. (ನಾವು ಗಂಡನ ಹೆಸರು ಹಿಡಿದೇ ಕರೆಯುತ್ತೇವೆ, ಗಾಬರಿಯಾಗಬೇಡಿ.) ದುರ್ಗದಬೈಲಿನ ಅಂಗಡಿಗಳಲ್ಲಿ ಅರ್ಧದಷ್ಟಕ್ಕೆ ಬಂಗಾರದ ಬಣ್ಣದ ಅಕ್ಷರ ಬರೆದವನು ಅವನೇ.

ಐದು ವರ್ಷದ ಹಿಂದೆ ವಿಭಾಕರನ ಕಣ್ಣು ಹೋಗತೊಡಗಿತು. ಕಣ್ಣು ಬದಲಿಸುವುದು ನಮ್ಮಲ್ಲಿ ಹಲ್ಲು ಕಟ್ಟಿಸಿದಷ್ಟೇ ಸುಲಭ, ಆದರೆ ಅವನ ತೊಂದರೆ ಕಣ್ಣಿನ ಹಿಂದಿನ ನರದ್ದು, ಅದಕ್ಕೆ ಇನ್ನೂ ಮದ್ದಿಲ್ಲ. ಒಂದು ವರ್ಷ, ಬಹಳವೆಂದರೆ ಒಂದೂವರೆ ವರ್ಷ ಎಂದರು. ಅವನು ಅತ್ತವನಲ್ಲ. ವಿಯೆನ್ನಾದ ಹತ್ತಿರ ಮೆಲ್ಕ್ ಎಂಬ ಊರಿನ ಮಠದಲ್ಲಿ ಗೋಡೆ ತುಂಬ ಬಂಗಾರದ ಕೆಲಸವಿದೆಯಂತೆ, ಅದನ್ನು ಒಮ್ಮೆ ನೋಡಬೇಕು ಎಂದಷ್ಟೇ ಹೇಳಿದ. ನಾನು ಉಮೇದಿನಲ್ಲಿ ಕೂತು ಯೋಜನೆ ಬರೆದೆ. ಒಂಬತ್ತು ದಿನಕ್ಕೆ ಇಪ್ಪತ್ತೆಂಟು ಜಾಗ. ಹೋದದ್ದಕ್ಕೆ ಎಲ್ಲ ನೋಡಿಯೇ ಬರೋಣ ಎಂಬ ದುರಾಸೆ. ಪಾಳಿಮನೆಯವರು ವಾಪಸ್ ಕಳಿಸಿದರು. ಎರಡು ಜಾಗ ತೆಗೆದು ಮತ್ತೆ ಕೊಟ್ಟೆ, ಮತ್ತೆ ವಾಪಸ್. ಕಾರಣ ಕೇಳಿದರೆ, ಇಷ್ಟೆಲ್ಲ ಓಡಾಡುವ ಇವರು ಪ್ರತಿ ಸಂಜೆ ವಿಯೆನ್ನಾಕ್ಕೆ ಮರಳುವುದು ಹೇಗೆ ಎಂಬುದು ಎಲ್ಲೂ ಕಾಣುವುದಿಲ್ಲ ಎಂದರು. ಉಳಿದದ್ದು ಒಂದೇ ಸಲ. ಅದೂ ತಪ್ಪಿದರೆ, ನಾಲ್ಕು ವರ್ಷದ ನಂತರ ಮೆಲ್ಕ್‌ಗೆ ಹೋಗಿ ಅವನು ನೋಡುವುದೇನು?

ಆಗ ನನ್ನ ಅಪ್ಪನ ತಂಗಿ, ನಮ್ಮ ಅತ್ತೆ, ಅಟ್ಟದಿಂದ ನಿಮ್ಮ ಡೈರಿ ಇಳಿಸಿ ಕೊಟ್ಟರು. ಮೊದಲ ಪುಟ ತೆರೆದಾಗ ನನಗೆ ನಗು ಬಂತು. ನೀವು ಪ್ರತಿ ದಿನವನ್ನೂ ತಲೆಕೆಳಗಾಗಿ ಬರೆದಿದ್ದೀರಿ. ಪುಟದ ತಲೆಯ ಮೇಲೆ ವಾಪಸ್ ಬರುವ ಕಡೇ ಗಾಡಿ, ಅದರ ಕೆಳಗೆ ಅದಕ್ಕಿಂತ ಹಿಂದಿನ ಗಾಡಿ, ಅದರ ಕೆಳಗೆ ನಿಲ್ದಾಣಕ್ಕೆ ನಡೆಯುವ ಹೊತ್ತು, ಬೆಳಿಗ್ಗೆ ಹೊರಡುವುದು ಎಲ್ಲಕ್ಕಿಂತ ಕೆಳಗೆ. ವಿಯೆನ್ನಾದಿಂದ ಒಂದೇ ದಿನದಲ್ಲಿ ಹೋಗಿಬರುವ ಬಾಡೆನ್‌ಗೂ ಹಾಗೇ, ಬ್ರಾತಿಸ್ಲಾವಾಕ್ಕೂ ಹಾಗೇ. ಏಕೆಂದು ನೀವೇ ಬರೆದಿದ್ದೀರಿ: “ಮೂವತ್ತೊಂದು ವರ್ಷ ವಿಚಾರಣಾ ಕಿಟಕ್ಯಾಗ ಕುಂತೀನಿ. ಕಡೀ ಗಾಡಿ ತಪ್ಪಿಸಿಕೊಂಡವರ ಮಾರಿ ನೋಡೀನಿ. ಹೋಗೂದು ಯಾವಾಗರ ಹೋಗಬಹುದು, ಮೊದಲ ಬರೂದು ನೋಡಬೇಕು.” ಅದರ ಪಕ್ಕದಲ್ಲಿ ಹಸಿರು ಶಾಯಿಯಲ್ಲಿ ಕಸ್ತೂರಿ ಆಯಿಯ ತಕರಾರು: “ಅಕ್ಕಾರ, ಬರೇ ಅರಮನಿ, ಗುಡಿ, ಗಾಡಿ ಆತು. ಚಾ ಎಲ್ಲಿ ಕುಡಿಯೂದು?” ಅದರ ಕೆಳಗೆ ನಿಮ್ಮ ಉತ್ತರ: “ಮೂರೂವರಿಗೆ. ಕನ್ನಡಕಾ ಹಾಕ್ಕೊಂಡು ಓದು.” ಮುಂದಿನ ಪುಟದಲ್ಲಿ ಅವರು ಮತ್ತೆ, ಅಲ್ಲಿನ ಚಹಾಕ್ಕೆ ಹಾಲು ಹಾಕುತ್ತಾರೋ ಇಲ್ಲವೋ ಮೊದಲು ವಿಚಾರಿಸಿ ಎಂದಿದ್ದಾರೆ. ನೀವು ನಿಜಕ್ಕೂ ವಿಚಾರಿಸಿದ್ದೀರಿ. ಕೇಳಿದರೆ ಹಾಕುತ್ತಾರೆ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೀರಿ. ನಿಮ್ಮಿಬ್ಬರ ಜಗಳ ಓದುತ್ತ ಓದುತ್ತ ನಾನೂ ವಿಭಾಕರನೂ ಊಟ ಮರೆತೆವು.

ನಾನು ನನ್ನ ಇಪ್ಪತ್ತಾರು ಜಾಗ ಬದಿಗಿಟ್ಟು ನಿಮ್ಮ ಹನ್ನೊಂದು ಜಾಗಗಳನ್ನು ಇದ್ದ ಹಾಗೇ ಇಳಿಸಿಕೊಂಡೆ. ಗಾಡಿಗಳ ಹೊತ್ತು ಮಾತ್ರ ನಮ್ಮ ಕಾಲದ್ದು ಹಾಕಿದೆ. ಪಾಳಿಮನೆಯವರು ಎರಡೇ ದಿನದಲ್ಲಿ ಒಪ್ಪಿದರು. ಬರೆದವರು ಯಾರು ಎಂದು ಅಲ್ಲಿನ ಹಿರಿಯ ಅಧಿಕಾರಿ ವಿಚಾರಿಸಿದರು. ಹಳೇ ಬಸ್ ನಿಲ್ದಾಣದ ಶಶಿಕಲಾ ಹಂಪಣ್ಣವರ ಎಂದೆ. ಅವರು ಎದ್ದು ನಿಂತರೆಂದು ಬರೆದರೆ ಸುಳ್ಳಾಗುತ್ತದೆ, ಆದರೆ ಡೈರಿಯನ್ನು ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟರು.

ವಿಯೆನ್ನಾ ನಿಮ್ಮ ಪುಟಗಳಲ್ಲಿದ್ದಂತೆಯೇ ಇತ್ತು ಎಂದರೆ ನಂಬುತ್ತೀರಾ? ದೊಡ್ಡ ಇಗರ್ಜಿಯ ಗೋಪುರಕ್ಕೆ ಮುನ್ನೂರ ನಲವತ್ಮೂರು ಮೆಟ್ಟಿಲು ಎಂದು ಬರೆದು, “ಹತ್ತೂದು ಬ್ಯಾಡ, ಕೆಳಗ ಕುಂತು ನೋಡೂದು” ಎಂದಿದ್ದಿರಿ. ನಾವೂ ಕೆಳಗೇ ಕೂತೆವು. ಬಾಡೆನ್‌ಗೆ ಹೋಗುವ ಟ್ರಾಮ್ ಇನ್ನೂ ಓಡುತ್ತಿದೆ. ಮೆಲ್ಕ್‌ಗೆ ಐದನೇ ದಿನ ಹೋದೆವು. ಆ ಪುಟದಲ್ಲಿ ನೀವು “ಇಲ್ಲಿ ಎರಡು ತಾಸು. ಅವಸರ ಮಾಡಬ್ಯಾಡ್ರಿ, ಗಾಡಿ ಐತಿ” ಎಂದು ಬರೆದಿದ್ದೀರಲ್ಲ, ಆ ಎರಡು ತಾಸೂ ವಿಭಾಕರ ಒಂದೇ ಬೆಂಚಿನ ಮೇಲೆ ಕೂತಿದ್ದ. ಅಷ್ಟು ಹೊತ್ತಿಗೆ ಅವನಿಗೆ ಕಾಣುತ್ತಿದ್ದುದು ಎದುರಿನ ಒಂದು ಕಿಂಡಿಯಷ್ಟು ಜಾಗ. ತಲೆಯನ್ನು ನಿಧಾನವಾಗಿ ಆ ಕಡೆ ಈ ಕಡೆ ಆಡಿಸುತ್ತ, ಗೋಡೆಯ ಬಂಗಾರವನ್ನೆಲ್ಲ ತುಂಡು ತುಂಡಾಗಿ ನೋಡಿ ಮುಗಿಸಿದ. ನಾನು ಗಡಿಯಾರ ನೋಡಲಿಲ್ಲ, ಅವನನ್ನು ಎಬ್ಬಿಸಲಿಲ್ಲ. ಯಾವ ಗಾಡಿ, ಅದು ತಪ್ಪಿದರೆ ಇನ್ಯಾವುದು ಎಂದು ನೀವು ನೋಡಿಟ್ಟಿದ್ದಿರಿ. ಕೊನೆಗೆ ಅವನು ಹೇಳಿದ್ದು ಇಷ್ಟೇ: “ಇಷ್ಟ ಬಂಗಾರ ಹಚ್ಚ್ಯಾರ, ಒಂದ ಕಡೆನೂ ಕೈ ನಡುಗಿಲ್ಲ ನೋಡು.” ಮರುವರ್ಷ ಯುಗಾದಿಯ ಹೊತ್ತಿಗೆ ಅವನಿಗೆ ಪೂರ್ತಿ ಕತ್ತಲಾಯಿತು. ಈಗಲೂ ಯಾರಾದರೂ ಮನೆಗೆ ಬಂದರೆ ಆ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ವರ್ಣಿಸುತ್ತಾನೆ, ಬಂದವರಿಗೆ ಬಸ್ಸಿಗೆ ಹೊತ್ತಾದರೂ ಬಿಡುವುದಿಲ್ಲ. ಆಯಿ, ಇದು ನಿಮ್ಮಿಂದ ನಮಗೆ ಸಿಕ್ಕಿದ್ದು. ಇದಕ್ಕೆ ಧನ್ಯವಾದ ಎನ್ನುವ ಮಾತು ಸಾಲುವುದಿಲ್ಲ, ಆದರೂ ಬೇರೆ ಮಾತು ಗೊತ್ತಿಲ್ಲ.

ಇಲ್ಲಿಗೆ ಮುಗಿಸಬಹುದಿತ್ತು. ಎರಡು ವರ್ಷದ ಹಿಂದೆ ಇಲ್ಲಿಗೇ ಮುಗಿಸಿ, ಲಕೋಟೆಯಲ್ಲಿ ಹಾಕಿಯೂ ಇದ್ದೆ. ಕಳಿಸುವ ಮುಂಚೆ ವಿಭಾಕರ ಒಮ್ಮೆ ಓದಿ ಹೇಳು ಎಂದ. ಓದಿದೆ. ಅವನು, “ಆಕಿ ಹೋಗಿದ್ಲೇನು?” ಎಂದು ಕೇಳಿದ.

ನೀವು ಹೋಗಲಿಲ್ಲ. ಅದು ನನಗೆ ಗೊತ್ತಿತ್ತು. ಡೈರಿಯ ಕೊನೆಯ ಪುಟದಲ್ಲಿ ಹೊರಡುವ ತಾರೀಖು ಬರೆದು ಹೊಡೆದುಹಾಕಿದ್ದೀರಿ, ಪಕ್ಕದಲ್ಲಿ ‘ವಿನುತಾ ಮದುವಿ’ ಎಂದಿದೆ. ಕೆಳಗೆ ಮುಂದಿನ ವರ್ಷದ ತಾರೀಖು, ಅದನ್ನೂ ಹೊಡೆದು ‘ಮನಿ ವಾಸ್ತುಶಾಂತಿ’. ಅದರ ಕೆಳಗೆ ಮೂರನೆಯದು, ‘ಕಸ್ತೂರಿ ಮೊಣಕಾಲು’. ಆಮೇಲೆ ಪುಟ ಖಾಲಿ. ಮನೆ ಎಂದಮೇಲೆ ಪ್ರತಿ ವರ್ಷ ಒಂದಿಲ್ಲೊಂದು ಇದ್ದೇ ಇರುತ್ತದೆ, ಮತ್ತು ಪ್ರತಿ ಸಲ ಅದಕ್ಕೆ ದಾರಿ ಬಿಟ್ಟವರು ನೀವೇ. ಊರವರನ್ನೆಲ್ಲ ಮೂವತ್ತೊಂದು ವರ್ಷ ಗಾಡಿ ಹತ್ತಿಸಿದವರು ನೀವು, ಒಂದು ಸಲವೂ ದೂರದ ಗಾಡಿ ಹತ್ತಲಿಲ್ಲ. ಆದರೂ ನಿಮಗೆ ‘ಹೋಗಿ’ ಎಂದು ಬರೆಯಲು ನನಗೆ ಹೆದರಿಕೆಯಾಗಿತ್ತು. ನಾಚಿಕೆಯ ಮಾತು, ಆದರೂ ಹೇಳುತ್ತೇನೆ. ನೀವು ಹೋಗಿದ್ದರೆ ಡೈರಿಯೂ ನಿಮ್ಮ ಕೈಚೀಲದಲ್ಲಿ ಹೋಗುತ್ತಿತ್ತು. ದೋಣಿಯಲ್ಲಿ ನೆನೆಯುತ್ತಿತ್ತು, ಇಲ್ಲವೇ ಯಾವುದೋ ಹೋಟೆಲಿನ ಮಂಚದ ಮೇಲೆ ಉಳಿಯುತ್ತಿತ್ತು. ನನ್ನ ಮೂರನೇ ಯೋಜನೆಯೂ ವಾಪಸ್ ಬರುತ್ತಿತ್ತು. ನೀವು ಮನೆಯಲ್ಲಿ ಉಳಿದದ್ದರಿಂದ ನನ್ನ ಗಂಡ ಆ ಗೋಡೆ ನೋಡಿದ. ಇದನ್ನೇ ವಿಭಾಕರನಿಗೆ ಹೇಳಿದೆ. ಅವನಿಗೆ ಸಿಟ್ಟು ಬಂತು. “ನಾ ನೋಡಬೇಕಂದ್ರ ಆಕಿ ನೋಡಬಾರದೇನು? ಯಾವ ನ್ಯಾಯ ಇದು? ಹೋಗಂತ ಬರಿ. ನಂದ ಏನಾಗತೈತೋ ಆಗ್ಲಿ.”

ಹೀಗೆ ಎರಡು ವರ್ಷ ಈ ಕಾಗದ ಲಕೋಟೆಯಿಂದ ಹೊರಗೂ ಒಳಗೂ ಆಯಿತು. ಹೋದ ವಾರ ನಾನೇ ಸಂತೆಗೆ ಹೊರಟಾಗ, ಬೇಕಾದದ್ದನ್ನೆಲ್ಲ ಬರೆದ ಚೀಟಿ ಮನೆಯಲ್ಲೇ ಮರೆತು, ಒಂದನ್ನೂ ಬಿಡದೆ ತಂದೆ. ಬರೆದವರಿಗೆ ಚೀಟಿ ಬೇಕಾಗುವುದಿಲ್ಲ ಎಂಬುದು ನನಗೆ ಅರವತ್ತೊಂಬತ್ತನೇ ವಯಸ್ಸಿಗೆ ಹೊಳೆಯಿತು. ಆದ್ದರಿಂದ ಆಯಿ, ನನ್ನ ಬೇಡಿಕೆ ಇಷ್ಟು. ಡೈರಿಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಡಿ, ಮತ್ತು ನೀವು ಹೋಗಿ. ಮುಂದಿನ ವರ್ಷವೂ ಯಾರದೋ ಮದುವೆ ಇರುತ್ತದೆ, ಉಡುಗೊರೆ ಕಳಿಸಿದರೆ ಮದುವೆ ನಿಲ್ಲುವುದಿಲ್ಲ. ಕಸ್ತೂರಿ ಆಯಿಯ ಮೊಣಕಾಲಿಗೆ ಹೆದರಬೇಡಿ, ನೀವು ಹಾಕಿದ ಯೋಜನೆಯಲ್ಲಿ ಕೂರುವ ಜಾಗಗಳೇ ಹೆಚ್ಚು. ಹೊರಡುವ ಮುನ್ನ ಕೊನೆಯ ಪುಟದಲ್ಲಿ ನಾಲ್ಕನೆಯ ತಾರೀಖು ಬರೆಯಿರಿ.

ಇವತ್ತು ಈ ಪತ್ರವನ್ನು ಹಿಂದಂಚೆಗೆ ಕೊಟ್ಟು ಮನೆಗೆ ಹೋದ ಮೇಲೆ ನಾನು ಡೈರಿಯ ಆ ಪುಟ ತೆರೆಯುತ್ತೇನೆ. ವಿಭಾಕರ ಪಕ್ಕದಲ್ಲೇ ಕೂತಿರುತ್ತಾನೆ. ಅಲ್ಲಿ ಏನು ಬರೆದಿದೆ ಎಂದು ಅವನಿಗೆ ನಾನೇ ಓದಿ ಹೇಳಬೇಕು.

ನಿಮ್ಮ
ತಾರಿಣಿ