ಕೊನೆಯ ಲೇಪ

ಸೆಂಟೆಂಡ್ರೆ,
ನವೆಂಬರ್ ೧೨

ವೆಂಡೆಲ್,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಸೆಗೆಡ್‌ನಲ್ಲಿ ಯೂದಿತ್ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ ಎಂದು ಕೇಳಿದೆ. ನೋಡಿಕೊಳ್ಳಲಿ. ನನಗೆ ಆ ಕಷ್ಟ ತಪ್ಪಿತು.

ಹೋದ ವಾರ ಪ್ರತಿಷ್ಠಾನದ ಡಾಲ್ಮ ಕಾಗದಪತ್ರ ಹಿಡಿದು ಬಂದಳು. ಹುಡುಗಿ ಒಳ್ಳೆಯವಳೇ, ಸ್ವಂತ ಚಿಕ್ಕಮ್ಮನೇನೋ ಎಂಬಂತೆ ಮಾತುಮಾತಿಗೂ ನನ್ನನ್ನು ‘ನೇನಿ’ ಎನ್ನುತ್ತಾಳೆ. ನಮ್ಮಿಬ್ಬರ ಹೆಸರಿನಲ್ಲಿ ಈ ಮನೆ ಸಂಗ್ರಹಾಲಯವಾಗುತ್ತದಂತೆ. ಬದುಕಿರುವವರೆಗೆ ನನಗೆ ಮಹಡಿಯ ಕೋಣೆ. ಸಹಿಯಾದ ಮೇಲೆ ಕೆಳಗಿನ ಕಾರ್ಯಾಗಾರದಲ್ಲಿ ಒಂದು ಕಡ್ಡಿಯನ್ನೂ ಯಾರೂ ಅಲುಗಾಡಿಸುವಂತಿಲ್ಲ, ನಾನೂ ಅಷ್ಟೇ. ನೀನು ಆಗಲೇ ಸಹಿ ಹಾಕಿದ್ದೆ. ನಿನಗೇನು, ದೂರದಲ್ಲಿ ಕೂತು ದೊಡ್ಡ ಮನುಷ್ಯನಾಗುವುದು ಸುಲಭ.

ಅವಳು ಕುಲುಮೆಯ ಮುಂದೆ ಎರಡು ಸ್ಟೂಲು ಪಕ್ಕಪಕ್ಕ ಇಟ್ಟು, “ಇಲ್ಲೇ ಅಲ್ವಾ ನೇನಿ, ಇಬ್ರೂ ಜೊತೇಲಿ ಕೂತು ಕೆಲಸ ಮಾಡ್ತಿದ್ದಿದ್ದು?” ಎಂದು ಕೇಳಿದಳು. ನನಗೆ ನಗು ತಡೆಯಲಾಗಲಿಲ್ಲ. “ಜೊತೇಲಿ? ಕೊನೇ ಏಳು ವರ್ಷ ನಾವು ಮಾತೇ ಆಡಿಲ್ಲ ಕಣೇ” ಎಂದೆ. ಬೆಳಿಗ್ಗೆ ನಾನು ತಾಮ್ರದ ತಗಡಿನ ಮೇಲೆ ಗಾಜಿನ ಪುಡಿ ಹರಡಿ, ಸುಟ್ಟು, ಒಂದು ಲೇಪ ಮಾಡಿಟ್ಟರೆ ಮಧ್ಯಾಹ್ನ ನೀನು ಬಂದು ಅದರ ಮೇಲೆ ನಿನ್ನದನ್ನು ಹರಡಿ ಸುಡುತ್ತಿದ್ದೆ. ಮರುದಿನ ನಾನು ಉತ್ತರ ಕೊಡುತ್ತಿದ್ದೆ. ಬಾಯಲ್ಲಿ ಆಡದ ಬೈಗುಳವೆಲ್ಲ ಬಣ್ಣವಾಯಿತು. ಅದನ್ನೇ ವಿಮರ್ಶಕರು ‘ಎರಡು ಆತ್ಮಗಳ ಸಂವಾದ’ ಎಂದು ಹೊಗಳಿದರಲ್ಲ, ಪುಣ್ಯಾತ್ಮರು! ಡಾಲ್ಮ “ಅಯ್ಯೋ, ಇದನ್ನೆಲ್ಲ ಬೋರ್ಡ್ ಮೇಲೆ ಹೆಂಗೆ ಬರೆಯೋದು ನೇನಿ?” ಎಂದು ತಲೆ ಮೇಲೆ ಕೈ ಹೊತ್ತಳು. “ಬರೀಬೇಡ ಬಿಡು, ಟಿಕೆಟ್ ಕೊಂಡು ಬರೋರಿಗೆ ಯಾಕೆ ಹೊಟ್ಟೆನೋವು” ಎಂದೆ.

ಆಮೇಲೆ ಅವಳು ಕಿಟಕಿ ಪಕ್ಕದ ಕೊನೆಯ ತಗಡಿನ ಮುಂದೆ ನಿಂತಳು. ನಿನಗೆ ನೆನಪಿರಬೇಕು. ಕೆಂಪು ಕೋಟು ತೊಟ್ಟು ನದಿಯ ದಂಡೆಯಲ್ಲಿ ಕಾಯುತ್ತಿರುವ ಹೆಂಗಸನ್ನು ನಾನು ಅದರಲ್ಲಿ ಬರೆದಿದ್ದೆ. ಅದು ನಾನೇ ಎಂದು ನಿನಗೆ ಗೊತ್ತಿತ್ತು. ಏಳು ವರ್ಷದಲ್ಲಿ ಮೊದಲ ಬಾರಿಗೆ ನಾನು ನಿನ್ನನ್ನು ಬೈದಿರಲಿಲ್ಲ ವೆಂಡೆಲ್, ಕರೆದಿದ್ದೆ. ಆ ಮಧ್ಯಾಹ್ನ ನೀನು ಅಂಚಿನಿಂದ ಅಂಚಿಗೆ ಬೂದು ಬಣ್ಣ ಹರಡಿ ಅವಳನ್ನು ಮುಚ್ಚಿ, ಸುಟ್ಟು, ಪೆಟ್ಟಿಗೆ ಹಿಡಿದು ಯೂದಿತಳ ಕಾರು ಹತ್ತಿದೆ. ಈಗ ಅದರ ಹೆಸರು ‘ಮಂಜು’. “ಎಷ್ಟು ನೆಮ್ಮದಿಯಾಗಿದೆ ನೋಡಿ” ಎಂದಳು ಡಾಲ್ಮ.

“ಸಹಿ ಹಾಕೋ ಮುಂಚೆ ಒಂದು ಬೆಳಿಗ್ಗೆ ಇದನ್ನ ನನಗೆ ಬಿಡು, ನನ್ನ ಸರದಿ ಬಾಕಿ ಇದೆ” ಎಂದು ಕೇಳಿದೆ. ಅವಳು ಮುಖ ತಗ್ಗಿಸಿದಳು. ‘ಮಂಜು’ ಇದ್ದಂತೆಯೇ ಇರಬೇಕು, ಎಮೋಕೆ, ಅಂದರೆ ನಾನು, ಅದಕ್ಕೆ ಕೈ ಹಾಕಕೂಡದು ಎಂದು ನೀನು ಷರತ್ತು ಹಾಕಿದ್ದೀಯಂತೆ. ಥೂ ನಿನ್ನ! ಬಿಟ್ಟು ಹೋದದ್ದು ಸಾಲದೆ, ಕೊನೆಯ ಮಾತೂ ಎಂದೆಂದಿಗೂ ನಿನ್ನದೇ ಆಗಿರಬೇಕೇ? ಸಹಿ ಹಾಕುವುದಿಲ್ಲ ಎಂದು ಅವಳನ್ನು ವಾಪಸು ಕಳಿಸಿದೆ.

ನಿನ್ನೆ ಮಾರ್ಟಿನ್ ಹಬ್ಬ. ಡಾಲ್ಮ ಹಬ್ಬದ ಹೆಬ್ಬಾತಿನ ತೊಡೆ ಹುರಿದುಕೊಂಡು ಮತ್ತೆ ಬಂದಳು. “ನೀವು ಸಹಿ ಹಾಕ್ದಿದ್ರೆ ಈ ತಗಡುಗಳೆಲ್ಲಾ ಚದುರಿ ವ್ಯಾಪಾರಿಗಳ ಪಾಲಾಗ್ತವೆ. ಒಂದು ವಿಯೆನ್ನಾಗೆ, ಇನ್ನೊಂದು ಇನ್ನೆಲ್ಲಿಗೋ. ನಿಮ್ಮಿಬ್ಬರ ಜಿದ್ದಿಗೆ ಅವೇನು ಪಾಪ ಮಾಡಿದ್ವು ನೇನಿ?” ಎಂದು ಅತ್ತೇಬಿಟ್ಟಳು. ನನಗೆ ನಿನ್ನ ಮೇಲೆ ಸಿಟ್ಟೇ ಹೊರತು ತಗಡುಗಳ ಮೇಲಲ್ಲವಲ್ಲ. ಸಹಿ ಹಾಕಿದೆ.

ಗೆದ್ದೆ ಅಂದುಕೋ. ಉದ್ಘಾಟನೆಗೆ ಬರುವುದಾದರೆ ಯೂದಿತಳನ್ನೂ ಕರೆದುಕೊಂಡು ಬಾ. ನಾನು ಮಹಡಿಯಿಂದ ಇಳಿಯುವುದಿಲ್ಲ.

ಕಾಯಿದೆಯ ಪ್ರಕಾರ ಇನ್ನೂ ನಿನ್ನ ಹೆಂಡತಿ,
ಎಮೋಕೆ

ತಾ.ಕ.: ಡಾಲ್ಮ ಮೊದಲ ಸಲ ಬಂದು ಹೋದ ಮೇಲೆ, ಭಾನುವಾರ ಬೆಳಿಗ್ಗೆ, ಕುಲುಮೆ ಹೊತ್ತಿಸಿದೆ. ಕೆಂಪು ಕೋಟನ್ನು ಮತ್ತೆ ಬರೆಯಲು ಮನಸ್ಸಾಗಲಿಲ್ಲ. ನಿನ್ನ ಡಬ್ಬಿಯಲ್ಲಿ ಉಳಿದಿದ್ದ ಅದೇ ಬೂದು ಪುಡಿಯನ್ನು ನಿನ್ನ ಬೂದಿನ ಮೇಲೆ ತೆಳುವಾಗಿ, ಪೂರ್ತಿಯಾಗಿ ಹರಡಿ ಸುಟ್ಟೆ. ನಿನ್ನೆ ಡಾಲ್ಮ ಅದರ ಧೂಳು ಒರೆಸಿದಳು, ಏನೂ ಗೊತ್ತಾಗಲಿಲ್ಲ. ಈಗ ಅಲ್ಲಿ ಕಾಣುವ ಮಂಜು ನನ್ನದು. ಬೇಕಾದರೆ ಪ್ರತಿಷ್ಠಾನಕ್ಕೆ ದೂರು ಕೊಡು. ಅದರ ಕೆಳಗೆ ನೀನು ಮುಚ್ಚಿದ್ದೇನು ಎಂದು ಅವರು ಮೊದಲು ನಿನ್ನನ್ನೇ ಕೇಳುತ್ತಾರೆ.