ಆಕಾಶದ ಪ್ರಶ್ನೆಗೆ ಬೆಳೆಹಾನಿ ನಮೂನೆಯ ಉತ್ತರ

ತಾಲ್ಲೂಕಿನ ಮಾಹಿತಿ ಅಧಿಕಾರಿಗಳೇ,

ನಾನು ಕೇಳಿದ್ದು ಆಕಾಶದ ಬಗ್ಗೆ; ನೀವು ಉತ್ತರ ಕೊಟ್ಟದ್ದು ನಮ್ಮೂರಿನ ಹೊಳಿಯಮ್ಮನ ತಲೆಯ ಬಗ್ಗೆ. ಆ ಉತ್ತರದಿಂದ ಆಕೆಯ ಕೆಲಸ ಹೋಗಿದೆ. ಅದಕ್ಕೇ ಈ ಪತ್ರವನ್ನು ನಿಮ್ಮ ಟಪಾಲಿಗೆ ಕೊಡದೆ ಪತ್ರಿಕೆಗೆ ಕಳಿಸುತ್ತಿದ್ದೇನೆ. ಟಪಾಲಿಗೆ ಕೊಟ್ಟಿದ್ದರೆ ಇದಕ್ಕೂ ಒಂದು ನಂಬರು ಬಿದ್ದು ಸುಖವಾಗಿ ಮಲಗಿರುತ್ತಿತ್ತು.

ಶ್ರಾವಣದ ಒಂದು ಮಧ್ಯಾಹ್ನ ಎರಡರ ಸುಮಾರಿಗೆ, ಬೇವೂರಿನಾಚೆಯ ನಮ್ಮೂರಿನ ಮೇಲೆ ದುಂಡನೆಯ, ಬೆಳ್ಳಗೆ ಹೊಳೆಯುವ ವಸ್ತುವೊಂದು ಸದ್ದಿಲ್ಲದೆ ನಿಂತು, ಆಮೇಲೆ ಕುಷ್ಟಗಿಯ ದಿಕ್ಕಿಗೆ ಹೋಯಿತು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಹೊಳಿಯಮ್ಮ ಪಾತ್ರೆ ತಿಕ್ಕುತ್ತಿದ್ದವಳು ನೋಡಿ ಊರಿಗೆಲ್ಲ ಹೇಳಿದಳು. ಕೆಲವರು ಡ್ರೋನ್ ಅಂದರು, ಕೆಲವರು ಹವಾಮಾನದವರ ಬಲೂನ್ ಅಂದರು, ಸದಾ ಮೊಬೈಲ್ ನೋಡುವವರು ಹಾರುವ ತಟ್ಟೆ ಅಂದರು. ಸರ್ಕಾರಕ್ಕಾದರೂ ತಿಳಿದಿರಬಹುದೆಂದು ಮಾಹಿತಿ ಹಕ್ಕಿನಲ್ಲಿ ಒಂದೇ ಪ್ರಶ್ನೆ ಕೇಳಿದೆ: ಅದು ಏನು?

ನಿಮ್ಮ ಮೊದಲ ಉತ್ತರ: ವಸ್ತು ನಿಂತಿದ್ದ ಜಾಗದ ಸರ್ವೆ ನಂಬರ್ ನಮೂದಿಸಿ. ಕೆಳಗಿದ್ದ ಹೊಲದ ನಂಬರ್ ಬರೆದುಕೊಟ್ಟೆ. ಎರಡನೆಯದು: ಸದರಿ ನಂಬರಿನ ಪಹಣಿಯಲ್ಲಿ ಅಂಥ ವಸ್ತು ದಾಖಲಾಗಿರುವುದಿಲ್ಲ. ಪಹಣಿ ಮಾಡಿಸದೆ ಹಾರಾಡಿದ್ದು ಅದರ ತಪ್ಪೇ, ಒಪ್ಪುತ್ತೇನೆ. ಇಪ್ಪತ್ತೆರಡು ದಿನ ಕಳೆದ ಮೇಲೆ ನಿಮ್ಮ ಗ್ರಾಮ ಆಡಳಿತಾಧಿಕಾರಿ ಪಂಚನಾಮೆಗೆ ಬಂದರು. ಅವರು ಒಮ್ಮೆಯೂ ತಲೆ ಎತ್ತಿ ಮೇಲೆ ನೋಡಲಿಲ್ಲ, ಹೊಲ ನೋಡಿದರು. ಬೇರೆ ನಮೂನೆ ಇಲ್ಲವೆಂದು ಬೆಳೆಹಾನಿಯ ನಮೂನೆಯನ್ನೇ ತುಂಬಿದರು. ಬೆಳೆ ನಷ್ಟ: ಇಲ್ಲ. ಜಾನುವಾರು ನಷ್ಟ: ಇಲ್ಲ. ಚಹಾ ಹೋಟೆಲಿನ ತಿಮ್ಮಣ್ಣ ಪಂಚನಾಗಿ, ಬರೆಯುವ ಮೊದಲೇ ಸಹಿ ಹಾಕಿಕೊಟ್ಟ. ನಮ್ಮ ಕಡೆ ಪದ್ಧತಿಯೇ ಹಾಗೆ. ಉಳಿದದ್ದು ‘ಕಾರಣ’ ಎಂಬ ಕಾಲಂ. ಅತಿವೃಷ್ಟಿ, ಅನಾವೃಷ್ಟಿ, ಆಲಿಕಲ್ಲು, ಯಾವುದೂ ಹೊಂದಲಿಲ್ಲ.

“ಕಾರಣ ಬರೀಲಿಲ್ಲಂದ್ರ ಫೈಲ್ ಮುಚ್ಚಾಕ ಬರಂಗಿಲ್ರಿ,” ಅಂದರು ಅಧಿಕಾರಿ. “ಯಾರು ನೋಡ್ಯಾರ?”

“ನಾ ನೋಡೇನ್ರಿ,” ಅಂದಳು ಹೊಳಿಯಮ್ಮ.

ಕಾರಣ ಸಿಕ್ಕಿತು: ‘ನೋಡಿದವರ ಬುದ್ಧಿಭ್ರಮಣೆ’. ಫೈಲ್ ಮುಚ್ಚಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ ಅಲ್ಲವೇ?

ಆ ಕಾಗದದ ಪ್ರತಿ ‘ಸೂಕ್ತ ಕ್ರಮಕ್ಕಾಗಿ’ ಶಾಲೆಗೂ ಹೋಯಿತು. ಬುದ್ಧಿ ಸರಿಯಿಲ್ಲದವಳ ಕೈಯಡುಗೆ ಮಕ್ಕಳಿಗೆ ಬೇಡವೆಂದು ಶಾಲೆಯವರು ಆಕೆಯನ್ನು ಮನೆಗೆ ಕಳಿಸಿದರು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅನ್ನ ಸೀಯಿಸಿದವಳಲ್ಲ. ಮೊನ್ನೆ ದಾರಿಯಲ್ಲಿ ಸಿಕ್ಕು, “ಅಣ್ಣಾರ, ನನ್ನ ಕಂಡ್ರ ಹುಡುಗ್ರು ಮ್ಯಾಲ ಬಟ್ಟು ಮಾಡಿ ನಗತಾವ್ರಿ. ನೋಡಿಲ್ಲ ಅಂದಿದ್ರ ಛಲೋ ಇತ್ತೇನ್ರಿ?” ಅಂದಳು. ನನಗೆ ನಾಚಿಕೆಯಾಯಿತು. ನಿಮಗೆ ನಾಚಿಕೆ ಸಾಲದೆ ಬಂದರೆ ನನ್ನದರಲ್ಲೇ ಒಂದಿಷ್ಟು ತೆಗೆದುಕೊಳ್ಳಿ.

‘ತಿಳಿದಿಲ್ಲ’ ಎಂದು ಬರೆಯುವುದು ಸರ್ಕಾರಕ್ಕೆ ಇಷ್ಟು ಕಷ್ಟವೇ?

ಆಕಾಶದಲ್ಲಿ ಇದ್ದುದೇನೆಂದು ನನಗಿನ್ನು ಹೇಳುವುದು ಬೇಡ. ಆ ಕಾಲಂ ತಿದ್ದಿ, ಪ್ರತಿಯನ್ನು ಶಾಲೆಗೆ ಕಳಿಸಿ, ಹೊಳಿಯಮ್ಮನನ್ನು ಅಡುಗೆಮನೆಗೆ ವಾಪಸು ಕರೆಸಿ. ತಿದ್ದಲು ನಿಯಮವಿಲ್ಲ ಎನ್ನುವಿರಾದರೆ ಇದನ್ನೂ ದಾಖಲಿಸಿಕೊಳ್ಳಿ. ಅಂದು ಯಲಬುರ್ಗಾ ಬಸ್ಸಿಗೆ ಕಾಯುತ್ತಿದ್ದ ನಾನೂ ಆ ವಸ್ತುವನ್ನು ಕಣ್ಣಾರೆ ಕಂಡಿದ್ದೆ. ಪಂಚನಾಮೆಯ ದಿನ ಯಾರು ನೋಡಿದ್ದಾರೆಂದು ಕೇಳಿದಾಗ ಆಕೆಯ ಪಕ್ಕದಲ್ಲೇ ಇದ್ದೆ. ಊರು ನಕ್ಕೀತೆಂದು ಸುಮ್ಮನೆ ನಿಂತೆ. ಬುದ್ಧಿಭ್ರಮಣೆಯ ಸಾಲಿನಲ್ಲಿ ಮೊದಲು ನನ್ನ ಹೆಸರು ಬರೆಯಿರಿ.

ಇಂತಿ,
ತಡವಾಗಿ ಬಾಯಿಬಿಟ್ಟ ಸಾಕ್ಷಿ,
ಸಿದ್ದಲಿಂಗೇಶ
ಬೀಜ-ಗೊಬ್ಬರದ ಅಂಗಡಿ